ಅಡುಗೆಮನೆಯ ಮೂವತ್ತು ಸೆಕೆಂಡು

ಫೋನ್ ಬಂದಾಗ ಆರ್ವಿ ಕಾಂಗಸ್ ಹೊರಮೆಟ್ಟಿಲ ಮೇಲಿನ ಹಿಮ ಗೋರುತ್ತಿದ್ದ. ಬೆಳಿಗ್ಗೆ ಒಮ್ಮೆ ಗೋರಿ ಮುಗಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಅಷ್ಟೇ ಬಿದ್ದಿತ್ತು. ಹ್ಯಾಂಕಾಕ್ ಊರಿನ ಫೆಬ್ರವರಿ ಅಂದರೆ ಹಾಗೆಯೇ. ಸಲಿಕೆಯನ್ನು ಗೋಡೆಗೆ ಒರಗಿಸಿ, ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು, ಫೋನನ್ನು ಬಲಗಿವಿಗೆ ಹಿಡಿದ. ಎಡಗಿವಿಗಿಂತ ಅದು ಸ್ವಲ್ಪ ವಾಸಿ.

"ಕಾಂಗಸ್ ಅವರೇ, ನದೀನ್ ಮಾತಾಡ್ತಿರೋದು, ಫಿಲ್ಮ್ ಸಂಗ್ರಹಾಲಯದಿಂದ. ಕೂತ್ಕೊಂಡಿದೀರಾ?"

"ನಿಂತಿದೀನಿ. ಮೊಣಕಾಲುದ್ದ ಹಿಮದಲ್ಲಿ."

"ಹಾಗಾದ್ರೆ ಬೇಗ ಹೇಳಿಬಿಡ್ತೀನಿ. ನಿಮ್ಮ ಮೊದಲ ಚಿತ್ರದ ನೆಗೆಟಿವ್ ಚೆನ್ನಾಗಿದೆ. ನಲವತ್ತು ವರ್ಷ ಆದ್ರೂ ಒಂದು ಗೀರಿಲ್ಲ. ಆದ್ರೆ ಸೌಂಡು ಮೂರನೇ ರೀಲಲ್ಲಿ ಕೆಟ್ಟುಹೋಗಿದೆ. ಡಬ್ಬಿ ತೆಗೆದ್ರೆ ಉಪ್ಪಿನಕಾಯಿ ಜಾಡಿ ತೆಗೆದ ಹಾಗೆ ವಿನೆಗರ್ ವಾಸನೆ. ಮೂವತ್ತನಾಲ್ಕು ಸೆಕೆಂಡು ಪೂರ್ತಿ ಹೋಗಿದೆ."

"ಯಾವ ಜಾಗ?"

"ಅಡುಗೆಮನೆ. ಮಗ ಬಾಗಿಲು ಹಾಕ್ಕೊಂಡು ಹೋದ್ಮೇಲೆ ತಾಯಿ ಮೇಜಿನ ಹತ್ರ ಒಬ್ರೇ ಕೂತಿರ್ತಾರಲ್ಲ, ಅದು."

ಆ ಜಾಗವಲ್ಲದೆ ಇನ್ನಾವುದಾದರೂ ಆಗಿದ್ದರೆ ಎಂದು ಆರ್ವಿಯ ಮನಸ್ಸಿಗೆ ಬಂದು ಹೋಯಿತು.

"ಅಲ್ಲಿ ಮಾತೇನೂ ಇಲ್ವಲ್ಲ, ಅದೇ ಪುಣ್ಯ," ಎಂದಳು ನದೀನ್. "ಆ ಅಡುಗೆಮನೆಯ ರೂಮ್ ಟೋನ್ ಎಲ್ಲಾದ್ರೂ ಇದ್ರೆ ತೇಪೆ ಹಾಕಬಹುದು. ಇಲ್ದಿದ್ರೆ ಬೇರೆ ಯಾವುದಾದ್ರೂ ಹಳೇ ಅಡುಗೆಮನೆಯದು ಹಾಕ್ತೀವಿ. ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗತ್ತೆ."

"ಮೇ ತಿಂಗಳಲ್ಲಿ ಮರುಪ್ರದರ್ಶನ. ಮಾರ್ಚ್ ಹದಿನೈದರವರೆಗೆ ಟೈಮಿದೆ, ಕಾಂಗಸ್ ಅವರೇ."

ರೂಮ್ ಟೋನ್ ಎನ್ನುವುದು ಸಿನಿಮಾದವರ ಹಳೆಯ ಪದ್ಧತಿ. ಒಂದು ಜಾಗದಲ್ಲಿ ಚಿತ್ರೀಕರಣ ಮುಗಿದ ಮೇಲೆ, ಲೈಟು ಬಿಚ್ಚುವ ಮೊದಲು, ಎಲ್ಲರೂ ಎಲ್ಲೆಲ್ಲಿದ್ದಾರೋ ಅಲ್ಲಲ್ಲೇ ಅಲುಗಾಡದೆ ಮೂವತ್ತು ಸೆಕೆಂಡು ನಿಲ್ಲಬೇಕು. ಸೌಂಡಿನವರು ಆ ಕೋಣೆಯ ಮೌನವನ್ನು ಟೇಪಿಗೆ ಇಳಿಸಿಕೊಳ್ಳುತ್ತಾರೆ. ಮಾತಿನ ನಡುವೆ ಕತ್ತರಿಸಿದ ಜಾಗಗಳಿಗೆ ತುಂಬಲು ಅದು ಬೇಕು. ಏಕೆಂದರೆ ಎರಡು ಕೋಣೆಗಳ ಮೌನ ಒಂದೇ ಆಗಿರುವುದಿಲ್ಲ: ಒಂದರಲ್ಲಿ ಫ್ರಿಜ್ಜಿನ ಗುಂಯ್ ಇರುತ್ತದೆ, ಇನ್ನೊಂದರಲ್ಲಿ ಒಲೆಯ ಉಸಿರು, ಮತ್ತೊಂದರಲ್ಲಿ ಕಿಟಕಿ ಗಾಜಿನ ಹಿಂದಿನ ಗಾಳಿ. ಕೋಣೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದರ ಮೇಲೂ ಅದು ಬದಲಾಗುತ್ತದೆ. ಮನುಷ್ಯರ ಮೈ, ಅದರಲ್ಲೂ ಉಣ್ಣೆಯ ಕೋಟು ತೊಟ್ಟ ಮೈ, ಸದ್ದನ್ನು ಹೀರಿಕೊಳ್ಳುತ್ತದೆ. ಐದು ಜನರಿರುವ ಮೌನ ನಾಲ್ಕು ಜನರಿರುವ ಮೌನಕ್ಕಿಂತ ಒಂದು ಕೂದಲೆಳೆಯಷ್ಟು ಮೆತ್ತಗಿರುತ್ತದೆ.

ಆ ಅಡುಗೆಮನೆ ಈಗ ಇಲ್ಲ. ಅದಿದ್ದದ್ದು ಆರ್ವಿಯ ಅಮ್ಮನ ಮನೆಯಲ್ಲಿ; ಅವಳು ತೀರಿಕೊಂಡ ಮೇಲೆ ಮನೆ ಕೈಬದಲಾಗಿ, ತೊಂಬತ್ತಾರರ ಚಳಿಗಾಲದಲ್ಲಿ ಹಿಮದ ಭಾರಕ್ಕೆ ಮಾಡು ಕುಸಿದಿತ್ತು. ಅದರ ಮೌನ ಉಳಿದಿದ್ದರೆ ಒಂದೇ ಕಡೆ ಉಳಿದಿರಬೇಕು: ಜೂನ್ ಟ್ರೆವಾರ್ಥೆನ್ ಬಳಿ. ಮೊದಲ ಮೂರು ಚಿತ್ರಗಳಿಗೆ ಸೌಂಡ್ ಮಾಡಿದವಳು ಅವಳು. ಆ ಹನ್ನೆರಡು ವರ್ಷ ಅವನ ಜೊತೆ ಬಾಳಿದವಳೂ ಅವಳೇ. ಟೇಪುಗಳನ್ನು ಎಸೆಯುವ ಜಾತಿಯವಳಲ್ಲ. ಅವನಿಗೆ ಭಯವಿದ್ದದ್ದೂ ಅದೇ.

ಅರವತ್ತಾರು ವರ್ಷದಲ್ಲಿ ಆರ್ವಿ ಐದು ಚಿತ್ರ ಮಾಡಿದ್ದ. ಪತ್ರಿಕೆಯವರು ಅವನನ್ನು ಸ್ವತಂತ್ರ ನಿರ್ದೇಶಕ ಎಂದು ಕರೆಯುತ್ತಿದ್ದರು. ಸ್ವತಂತ್ರ ಅಂದರೆ ಏನು ಎಂದು ಅವನಿಗೆ ನಿಧಾನವಾಗಿ ತಿಳಿಯಿತು: ನೀನು ಬೆಳಿಗ್ಗೆ ಏಳದಿದ್ದರೆ ಯಾರೂ ಬಂದು ಬಾಗಿಲು ತಟ್ಟುವುದಿಲ್ಲ. ಎರಡನೆಯ ಚಿತ್ರ ಅದಿರು ಸಾಗಿಸುವ ಹಡಗಿನ ಅಡುಗೆಯವನದು. ಮೂರನೆಯದು ಹಾಕಿ ಮೈದಾನದ ಮಂಜುಗಡ್ಡೆ ನೋಡಿಕೊಳ್ಳುವ ಮುದುಕನದು. ಅದಕ್ಕೊಂದು ಸಣ್ಣ ಬಹುಮಾನ ಬಂತು. ಅದನ್ನು ತೋರಿಸಲು ಆರು ವಾರಕ್ಕೆಂದು ನ್ಯೂಯಾರ್ಕಿಗೆ ಹೋದವನು ಎರಡು ವರ್ಷ ಅಲ್ಲೇ ಉಳಿದ. ಜೂನ್ ಜಗಳವಾಡಲಿಲ್ಲ, ಕಾಗದವನ್ನೂ ಬರೆಯಲಿಲ್ಲ. ಅವಳು ಬಿಟ್ಟುಹೋಗಿದ್ದಾಳೆ ಎಂಬುದು ಅವನಿಗೆ ಸರಿಯಾಗಿ ನಾಟಿದ್ದು ನಾಲ್ಕನೆಯ ಚಿತ್ರಕ್ಕೆ ಬೇರೆಯವರು ಮಾಡಿದ ಸೌಂಡು ಕೇಳಿದಾಗ. ಐದನೆಯದು ಎರಡು ಊರಿನ ಚಿತ್ರಮಂದಿರದಲ್ಲಿ ಓಡಿ ನಿಂತಿತು. ಆಮೇಲೆ ಮದುವೆಗಳು, ಶಾಲಾ ಹುಡುಗರ ಹಾಕಿ ಪಂದ್ಯಗಳು. ಅವನ್ನೂ ಅವನು ಶ್ರದ್ಧೆಯಿಂದಲೇ ಹಿಡಿದ. ಮುಚ್ಚಿದ ಪಾದರಕ್ಷೆಯಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬನೇ ಇದ್ದ. ಕೆಲವು ದಿನ ಅವನ ಬಾಯಿಂದ ಬರುವ ಮೊದಲ ಮಾತು ಅಂಗಡಿಯವನಿಗೆ ಹೇಳುವ 'ಚೀಲ ಬೇಡ' ಆಗಿರುತ್ತಿತ್ತು.

ಜನ ನೆನಪಿಟ್ಟುಕೊಂಡಿದ್ದು ಮೊದಲನೆಯದನ್ನು, 'ಫೆಬ್ರವರಿಯ ಅಡುಗೆಮನೆ'ಯನ್ನು. ಗಣಿ ಮುಚ್ಚಿದ ಊರು, ಕೆಲಸ ಹುಡುಕಿಕೊಂಡು ಹೊರಡುವ ಮಗ, ತಡೆಯದ ತಾಯಿ. ತಾಯಿಯ ಪಾತ್ರದಲ್ಲಿ ಅವನ ಅಮ್ಮನೇ ಇದ್ದಳು. ಹಿಲ್ಯಾ ಅವಳ ಹೆಸರು; ಅವರ ಫಿನ್ನಿಶ್ ಭಾಷೆಯಲ್ಲಿ ಹಾಗೆಂದರೆ ಮೌನ. ಹೆಸರಿಗೆ ತಕ್ಕ ಹೆಂಗಸು. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಫಿನ್ನಿಶ್ ಬಂದರೂ ಖರ್ಚು ಮಾಡುತ್ತಿರಲಿಲ್ಲ. ಇಪ್ಪತ್ತಾರರ ಆರ್ವಿ ಅವಳಿಗೆ ಒಂದೇ ಒಂದು ಮಾತನ್ನೂ ಬರೆಯಲಿಲ್ಲ. "ಹೆಂಗೂ ನೀನು ಮಾತಾಡಲ್ವಲ್ಲ," ಎಂದಿದ್ದ. ಅವಳು ತಲೆಯಾಡಿಸಿದ್ದಳು.

ಆ ತಾಯಿಯ ಮೌನವೇ ಚಿತ್ರದ ಜೀವ ಎಂದು ವಿಮರ್ಶಕರು ಬರೆದರು. ಹೋದಲ್ಲೆಲ್ಲ ಜನ ಅದನ್ನೇ ಕೇಳುತ್ತಿದ್ದರು. ಆರ್ವಿ ಒಂದು ಉತ್ತರ ಕಲಿತುಕೊಂಡ: "ನಮ್ಮಮ್ಮ ಮಾತಾಡಿದ್ದು ಒಂದೇ ಸಲ. ನಾನು ಎಲ್ರಿಗೂ ಸುಮ್ನಿರಿ ಅಂತ ಹೇಳಿದಾಗ." ಸಭೆ ನಗುತ್ತಿತ್ತು. ಚಿಕಾಗೋದಲ್ಲಿ, ಡೆನ್ವರ್‌ನಲ್ಲಿ, ಎಲ್ಲ ಕಡೆಯೂ ನಗುತ್ತಿತ್ತು.

ನಡೆದದ್ದು ಇಷ್ಟು. ಅಡುಗೆಮನೆಯ ಕೊನೆಯ ದಿನ ರೂಮ್ ಟೋನ್ ಹಿಡಿಯುವಾಗ, ಒಲೆಯ ಬಳಿ ನಿಂತಿದ್ದ ಅಮ್ಮ ನಡುವೆ ಏನೋ ಒಂದು ಮಾತು ಅಂದಳು. ದೂರದಲ್ಲಿದ್ದ ಅವನಿಗೆ ಸರಿಯಾಗಿ ಕೇಳಲಿಲ್ಲ. ಟೋನ್ ಕೆಟ್ಟಿತು; 'ಕಟ್' ಎಂದ. ಅಮ್ಮ ಹೊರಗೆ ಹೋದಳು. ಎರಡನೆಯ ಸಲ ಹಿಡಿದದ್ದು ಸರಿಬಂತು. ಮರುದಿನ ಕೇಳಿದ, "ನಿನ್ನೆ ಏನಂದೆ?" "ಏನಿಲ್ಲ," ಎಂದಳು. ಪಕ್ಕದೂರು ಕ್ಯಾಲುಮೆಟ್ಟಿನ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನಕ್ಕೆ ಬರಲಿಲ್ಲ, ಕಾಲುನೋವು ಎಂದಳು. ಮುಂದಿನ ವರ್ಷ ಎಲೆಯುದುರುವ ಹೊತ್ತಿಗೆ ಹೋಗಿಬಿಟ್ಟಳು. ಸಭೆಗಳಲ್ಲಿ ನಗಿಸುತ್ತಿದ್ದವನು ಮನೆಗೆ ಬಂದು ಅದನ್ನೇ ಮೆಲುಕು ಹಾಕುತ್ತಿದ್ದ. ಸಾಕಿನ್ನು, ನನ್ನ ಮನೆಯಿಂದ ಎಲ್ಲರೂ ಹೊರಡಿ ಎಂದಳೇ? ಹೀಗೆ ನನ್ನನ್ನು ಊರಿಗೆಲ್ಲ ತೋರಿಸುತ್ತೀಯಾ ಎಂದಳೇ? ಅವಳಿಗೆ ಅದು ಬೇಡವಾಗಿತ್ತು ಎಂದಾದರೆ, ಅದರ ಮೇಲೆ ಕಟ್ಟಿಕೊಂಡ ಈ ನಲವತ್ತು ವರ್ಷಕ್ಕೆ ಅರ್ಥವೇನು? ಕೇಳಿ ತಿಳಿಯಲು ದಾರಿಯಿತ್ತು. ಆ ಕೆಟ್ಟ ಟೋನ್ ಕೂಡ ಟೇಪಿನಲ್ಲಿ ಇರಲೇಬೇಕು. ಅದಕ್ಕೇ ಅವನು ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಜೂನ್‌ಗೆ ಫೋನ್ ಮಾಡಿದ.

"ಯಾರು?"

"ನಾನು."

"ಯಾವ ನಾನು? ನಂಗೆ ಗೊತ್ತಿರೋರೆಲ್ಲ ಹೆಸರು ಹೇಳ್ತಾರೆ."

"ಆರ್ವಿ."

"ಯಾರು ಸತ್ರು?"

"ಯಾರೂ ಸತ್ತಿಲ್ಲ. ಒಂದು ಟೇಪ್ ಬೇಕಿತ್ತು."

"ನೋಡಪ್ಪ! ಹನ್ನೊಂದು ವರ್ಷ ಆದ್ಮೇಲೆ ಫೋನು. ಚೆನ್ನಾಗಿದೀಯಾ ಅಂತ ಒಂದು ಮಾತಿಲ್ಲ. ಟೇಪ್ ಬೇಕಂತೆ."

"ಚೆನ್ನಾಗಿದೀಯಾ?"

"ಇಲ್ಲ. ಯಾವ ಟೇಪು?"

ಹೇಳಿದ. ಕಾಗದ ಮಗುಚುವ ಸದ್ದು ಕೇಳಿಸಿತು. ಅವಳ ಬಳಿ ಪಟ್ಟಿಯಿತ್ತು. ಇರದೆ ಹೋಗುವುದು ಸಾಧ್ಯವಿರಲಿಲ್ಲ.

"ಇದೆ. ಆದ್ರೆ ಆ ಕಾಲದ ಟೇಪು ಅಂಟು ಬಿಟ್ಟಿರತ್ತೆ. ಹಾಗೇ ಹಾಕಿದ್ರೆ ಮೇಲಿನ ಪದರನೇ ಕಿತ್ತು ಬರತ್ತೆ. ಬೇಯಿಸ್ಬೇಕು."

"ಎಷ್ಟು ಹೊತ್ತು?"

"ಎಂಟು ಗಂಟೆ. ಗುರುವಾರ ಬಾ. ಊಟಕ್ಕೇನೂ ತರಬೇಡ, ನೀನು ತರೋದು ನಂಗೆ ಸೇರಲ್ಲ."

ಜೂನ್ ಇದ್ದದ್ದು ಮಾರ್ಕೆಟ್ ಎಂಬ ಊರಿನಲ್ಲಿ, ಎರಡು ಗಂಟೆಯ ದಾರಿ. ಗುರುವಾರ ಬೆಳಿಗ್ಗೆ ರಸ್ತೆಯ ಹಿಮ ತೆಗೆದಿದ್ದರು. ಕೊಲ್ಲಿಯುದ್ದಕ್ಕೂ ಹೆಪ್ಪುಗಟ್ಟಿದ ನೀರಿನ ಮೇಲೆ ಮೀನು ಹಿಡಿಯುವವರ ಗೂಡುಗಳು, ಒಂದರಿಂದ ಒಂದು ದೂರ ದೂರ. ಆರ್ವಿ ರೇಡಿಯೊ ಹಾಕಲಿಲ್ಲ.

ಜೂನ್ ಬಾಗಿಲು ತೆರೆದು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಅವಳಿಗೆ ಈಗ ಅರವತ್ತೊಂಬತ್ತು, ಸೊಂಟದ ಕೀಲು ಬದಲಾಯಿಸಿಕೊಂಡು ಕೋಲು ಹಿಡಿದಿದ್ದಳು. ಅವನ ಬೆನ್ನಿಗೇ ಬೇರೆಯವನನ್ನು ಮದುವೆಯಾಗಿ, ರೇಡಿಯೊ ಸ್ಟೇಷನ್ನಿನಲ್ಲಿ ಇಪ್ಪತ್ತು ವರ್ಷ ದುಡಿದು, ಗಂಡನನ್ನು ಮಣ್ಣಿಗೆ ಒಪ್ಪಿಸಿ, ಈಗ ಬೆಕ್ಕಿನ ಜೊತೆ ಇದ್ದಳು.

"ಮುದುಕ ಆಗಿಬಿಟ್ಟೆಯಲ್ಲೋ."

"ನೀನೂ."

"ನಾನು ಮುದುಕಿ. ವ್ಯಾಕರಣ ಸರಿಯಾಗಿರ್ಲಿ. ಬೂಟು ಬಿಚ್ಚು."

ಹಿಂದಿನ ಕೋಣೆಯಲ್ಲಿ ಅವಳ ಯಂತ್ರಗಳು. ಟೇಪು ಇದ್ದದ್ದು ಮಾತ್ರ ಅಡುಗೆಮನೆಯಲ್ಲಿ, ಸೇಬಿನ ಹೋಳು ಒಣಗಿಸುವ ಪೆಟ್ಟಿಗೆಯೊಳಗೆ. ಐವತ್ತನಾಲ್ಕು ಡಿಗ್ರಿಯಲ್ಲಿ ಎಂಟು ಗಂಟೆ ಬೆಚ್ಚಗಿಟ್ಟು, ರಾತ್ರಿಯೆಲ್ಲ ತಣಿಯಲು ಬಿಟ್ಟಿದ್ದಳು. ಅಷ್ಟಾದರೆ ಕೆಲವು ವಾರ ಟೇಪು ಅಂಟಿಲ್ಲದೆ ಓಡುತ್ತದೆ.

"ಸೇಬಿನ ವಾಸನೆ ಬರ್ತಿದೆ," ಎಂದ ಆರ್ವಿ, ಟೇಪನ್ನು ಮೂಗಿಗೆ ಹಿಡಿದು.

"ಜಿಂಕೆ ಮಾಂಸ ಒಣಗಿಸೋಕೆ ಮುಂಚೆನೇ ಫೋನ್ ಮಾಡಿದ್ದು ನಿನ್ನ ಪುಣ್ಯ."

ಮೊದಲು ಊಟ. ಅವಳು ಪ್ಯಾಸ್ಟಿ ಮಾಡಿದ್ದಳು: ಹಿಟ್ಟಿನ ಮಡಿಕೆಯೊಳಗೆ ಮಾಂಸ, ಆಲೂಗಡ್ಡೆ, ಗೆಡ್ಡೆ. "ಕ್ಯಾರೆಟ್ ಹಾಕಿಲ್ಲ. ಅದು ನಿಮ್ಮ ಫಿನ್ನರು ತಂದ ಪಾಪ. ಪ್ಯಾಸ್ಟಿ ಈ ಕಡೆಗೆ ತಂದಿದ್ದೇ ನಮ್ಮ ಕಾರ್ನಿಶ್ ಜನ; ನಮ್ಮ ಅಜ್ಜಿ ಗೋರಿಯೊಳಗೆ ಮಗ್ಗುಲು ಬದಲಾಯಿಸ್ತಾಳೆ."

"ಅಮ್ಮ ಹಾಕ್ತಿದ್ಳು."

"ಗೊತ್ತು. ಹದಿನೇಳು ದಿನ ತಿಂದಿದೀನಿ. ದಿನಾ ಬೆಳಿಗ್ಗೆ ಶೂಟಿಂಗಿಗೆ ಮುಂಚೆ ನನ್ನ ಕೋಟಿನ ಜೇಬಿಗೆ ಒಂದೊಂದು ತುರುಕ್ತಿದ್ರು. ಒಂದು ಮಾತಿಲ್ಲ ಕತೆಯಿಲ್ಲ."

ಇದು ಆರ್ವಿಗೆ ಗೊತ್ತಿರಲಿಲ್ಲ. ಆ ಹದಿನೇಳು ದಿನ ಅವನು ಕ್ಯಾಮೆರಾ ಇದ್ದ ಕಡೆ ನೋಡುತ್ತಿದ್ದ.

ಟೇಪಿನ ಪೆಟ್ಟಿಗೆಯಲ್ಲಿ ಹಳದಿಯಾದ ಹಾಳೆಯೊಂದು ಮಡಚಿ ಕೂತಿತ್ತು: ದಿನದ ಸೌಂಡ್ ಪಟ್ಟಿ. ಇಪ್ಪತ್ತೊಂಬತ್ತು ವರ್ಷದವಳಾಗಿದ್ದ ಜೂನ್‌ಳ ದುಂಡು ಅಕ್ಷರ. ಸರಿಬಂದ ಪ್ರತಿ ಸಲದ ಸಂಖ್ಯೆಗೂ ಸುತ್ತ ಒಂದು ವೃತ್ತ ಹಾಕುವುದು ರೂಢಿ. ವೃತ್ತ ಬಿದ್ದದ್ದು ಚಿತ್ರಕ್ಕೆ ಹೋಗುತ್ತದೆ, ಉಳಿದದ್ದು ಡಬ್ಬಿಯಲ್ಲಿ ಕೊಳೆಯುತ್ತದೆ. ಪುಟದ ತಳದಲ್ಲಿ ಹೀಗಿತ್ತು: 'ಅಡುಗೆಮನೆ, ಟೋನ್. ಒಂದು: ಕೆಟ್ಟಿದೆ, ಅಮ್ಮ ಮಾತು. ಎರಡು:' ಎರಡರ ಸುತ್ತ ವೃತ್ತ.

"ಮೊದಲು ನಕಲು ತಕ್ಕೊಳ್ತೀನಿ," ಎಂದಳು ಜೂನ್. "ಮೂಲ ಒಂದೇ ಸಲ ಓಡಲಿ. ಆಮೇಲೆ ನಕಲನ್ನ ನೂರು ಸಲ ಕೇಳು. ಎರಡೂ ಬೇಕಾ, ಎರಡನೇದು ಮಾತ್ರ ಸಾಕಾ?"

ಅವನು ಹಾಳೆಯನ್ನೇ ನೋಡುತ್ತಿದ್ದ. "ಎರಡೂ."

ಅವಳು ಏನೂ ಕೇಳದೆ ಟೇಪು ಏರಿಸಿದಳು. ಚಕ್ರ ತಿರುಗಿತು. ಮೊದಲು ಅವಳದೇ ಎಳೆಯ ದನಿ: 'ಅಡುಗೆಮನೆ, ರೂಮ್ ಟೋನ್, ಒಂದು. ಯಾರೂ ಅಲ್ಲಾಡಬೇಡಿ.' ಆಮೇಲೆ ಮೌನ ಶುರುವಾಯಿತು.

ನಕಲು ಹೋಗುತ್ತಿದ್ದದ್ದು ತಂತಿಯಲ್ಲಿ, ಕೋಣೆಯಲ್ಲಿ ಮೈಕಿರಲಿಲ್ಲ. ಅವರು ಕೆಮ್ಮಬಹುದಿತ್ತು, ಕುರ್ಚಿ ಎಳೆಯಬಹುದಿತ್ತು. ಆದರೂ ಇಬ್ಬರೂ ಇದ್ದಲ್ಲೇ ಅಲುಗಾಡದೆ ನಿಂತರು. ಜೂನ್ ಒಂದು ಕೈ ಕೋಲಿನ ಮೇಲೆ, ಇನ್ನೊಂದು ಗಾಳಿಯಲ್ಲಿ. ಆರ್ವಿ ಉಸಿರು ಹಿಡಿದು. ರೂಢಿ ಎಂಬುದು ಬುದ್ಧಿಗಿಂತ ಆಳದಲ್ಲಿರುತ್ತದೆ.

ಸೌದೆ ಒಲೆಯ ಸಣ್ಣ ಚಟಪಟ. ಕೆಟಲಿನ ಗೊರಗೊರ. ಆಮೇಲೆ, ಹದಿಮೂರನೆಯ ಸೆಕೆಂಡಿಗೆ, ಯಾರೋ ಬಾಯಿ ತೆರೆದರು. ಅವನಿಗೆ ಕೇಳಿಸಿದ್ದು ಇಷ್ಟೇ: ಆ-ಓ, ಊ-ಊ, ಆ. ಕೊನೆಯಲ್ಲಿ ಮೇಲಕ್ಕೆ ಏರುವ ರಾಗ. ಅಮ್ಮನ ರಾಗ. ಮಾತಲ್ಲ, ಮಾತಿನ ನೆರಳು.

ಮರುಕ್ಷಣವೇ ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಕಿರುಚಿದ: "ಕಟ್! ಥೂ! ಅಮ್ಮಾ, ಅರ್ಧ ನಿಮಿಷ ಬಾಯಿ ಮುಚ್ಕೊಂಡಿರೋಕಾಗಲ್ವಾ ನಿಂಗೆ?" ಯಾರೋ ನಕ್ಕರು, ಕ್ಯಾಮೆರಾದ ಗಾರ್ಡಿ ಇರಬೇಕು. ಬಾಗಿಲ ಅಗುಳಿಯ ಸದ್ದು. ಟೇಪು ನಿಂತಿತು.

ಆ ಗಂಡಸು ತಾನು ಎಂದು ತಿಳಿಯಲು ಆರ್ವಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಾನು ಮೆಲ್ಲಗೆ 'ಕಟ್' ಎಂದಿದ್ದೆ ಎಂದೇ ನಲವತ್ತು ವರ್ಷ ಅಂದುಕೊಂಡಿದ್ದ.

"ನಾನು ಹಾಗೆ ಕಿರುಚಿದ್ನಾ?"

"ಹೂಂ."

"ನೀನು ಯಾವತ್ತೂ ಹೇಳಲೇ ಇಲ್ಲ."

"ನೀನು ದಿನಾ ಕಿರುಚ್ತಿದ್ದೆ, ಆರ್ವಿ. ಯಾವುದು ಅಂತ ಹೇಳ್ಲಿ?"

ಎರಡನೆಯ ಟೋನ್ ಓಡಿತು. ಮೂವತ್ತು ಸೆಕೆಂಡು ನಿರ್ಮಲ. ಅದಕ್ಕೂ ಇಬ್ಬರೂ ನಿಂತರು. ಮುಗಿದ ಮೇಲೆ ಆರ್ವಿ ಕುರ್ಚಿಯ ಮೇಲೆ ಕುಸಿದು ಕೂತು, "ಮೊದಲನೇದು ಮತ್ತೆ ಹಾಕು. ಅಮ್ಮ ಏನಂತಾಳೆ?" ಎಂದ.

"ನಂಗೇನು ಗೊತ್ತು? ನಿಮ್ಮ ಭಾಷೆ ನಂಗೆ ಬರಲ್ಲ. ನೀನೇ ಕೇಳಿಸ್ಕೋ."

"ನಂಗೆ ಕೇಳಿಸಲ್ಲ, ಜೂನ್."

ಅವಳು ತಿರುಗಿ ನೋಡಿದಳು.

"ಮೂರು ಸಾವಿರ ಹರ್ಟ್ಸಿಂದ ಮೇಲಿನದೆಲ್ಲ ಹೋಗಿದೆ. ಸ್ವರ ಕೇಳತ್ತೆ, ವ್ಯಂಜನ ಕೇಳಲ್ಲ. ನೀನು ಮಾತಾಡುವಾಗ ತುಟಿ ನೋಡ್ತೀನಿ."

"ನಾನು ಚೆಂದ ಕಾಣ್ತೀನಿ ಅಂತ ನೋಡ್ತಿದೀಯ ಅಂದ್ಕೊಂಡಿದ್ದೆ." ಅವಳು ನಗಲಿಲ್ಲ. ಹೆಡ್‌ಫೋನು ತಲೆಗೇರಿಸಿಕೊಂಡು, ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡು ಕೂತಳು. "ಸರಿ. ನಂಗೆ ಕೇಳತ್ತೆ, ಅರ್ಥ ಆಗಲ್ಲ. ನಿಂಗೆ ಅರ್ಥ ಆಗತ್ತೆ, ಕೇಳಲ್ಲ. ಒಳ್ಳೆ ಜೋಡಿ. ನನ್ನ ಬಾಯಿ ನೋಡು."

ನಕಲನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದಳು. ಕಣ್ಣು ಮುಚ್ಚಿಕೊಂಡು, ಆಮೇಲೆ ಮೀಟರಿನ ಮುಳ್ಳು ನೋಡಿಕೊಂಡು. ಬೆಕ್ಕು ಬಂದು ಟೇಪಿನ ಪೆಟ್ಟಿಗೆಯೊಳಗೆ ಕೂತಿತು, ಇಬ್ಬರೂ ಓಡಿಸಲಿಲ್ಲ.

"ಸ... ಸಾಕೋ. ಮೊದಲು 'ಸಾಕೋ'. ಆಮೇಲೆ 'ನುತ್', ಇಲ್ಲ, 'ನ್ಯುತ್'. ತುದಿಯಲ್ಲಿ 'ತ್' ಇದೆ, ಚುರುಕಾಗಿ."

ಆರ್ವಿ ಅವಳ ತುಟಿಯಿಂದ ಕಣ್ಣು ಕೀಳಲಿಲ್ಲ.

"ಆಮೇಲೆ 'ಪೂವಾ'. ಇರು." ಮತ್ತೊಮ್ಮೆ ಕೇಳಿದಳು. "ನಡುವೆ ಉಸಿರಿದೆ. 'ಪುಹುವಾ'. ಸಾಕೋ ನ್ಯುತ್ ಪುಹುವಾ. ಏನದು? ಬೈದ್ರಾ?"

ಅಮ್ಮ ಹೋದ ಮೇಲೆ ಅವನು ಆ ಭಾಷೆಯನ್ನು ಯಾರೊಂದಿಗೂ ಆಡಿರಲಿಲ್ಲ. ಆದರೂ ಅದು ಹಾಗೇ ಇತ್ತು, ಕತ್ತಲೆಯಲ್ಲಿ ಕೈಗೆ ಸಿಗುವ ಮನೆಯ ಸ್ವಿಚ್ಚಿನ ಹಾಗೆ.

"ಏನೋ ಅದು?" ಎಂದಳು ಜೂನ್.

"ಈಗ ಮಾತಾಡಬಹುದಾ."

"ಆಡಪ್ಪ, ಯಾರು ಬೇಡ ಅಂದ್ರು?"

"ಅಲ್ಲ. ಅಮ್ಮ ಅಂದಿದ್ದು ಅದು. ಈಗ ಮಾತಾಡಬಹುದಾ ಅಂತ ಕೇಳಿದ್ಲು."

ಜೂನ್ ಹೆಡ್‌ಫೋನು ಕಳಚಿ ಮಡಿಲಲ್ಲಿ ಇಟ್ಟುಕೊಂಡಳು. "ಅಷ್ಟೇನಾ?"

"ಅಷ್ಟೇ."

ಹೊರಗೆ ಹಿಮ ತಳ್ಳುವ ಗಾಡಿ ರಸ್ತೆಯುದ್ದಕ್ಕೂ ಕೆರೆಯುತ್ತ ಹೋಯಿತು.

"ಏನೋ ಹೇಳಬೇಕು ಅಂತಿದ್ರು ಹಾಗಾದ್ರೆ," ಎಂದಳು ಜೂನ್ ಮೆಲ್ಲಗೆ.

ನಲವತ್ತು ವರ್ಷ ಅವನು ತಪ್ಪು ಲೆಕ್ಕ ಬಿಡಿಸುತ್ತ ಕೂತಿದ್ದ. ಅಮ್ಮ ಏನು ಹೇಳಿದಳು ಎಂದು ಹುಡುಕುತ್ತಿದ್ದ. ಅವಳು ಇನ್ನೂ ಹೇಳಿಯೇ ಇರಲಿಲ್ಲ. ಮೌನದ ಹೆಂಗಸು ಎಂದು ಊರೂರಿಗೆ ತೋರಿಸಿಕೊಂಡು ಬಂದ. ಮೌನದ ನಡುವೆ ಅಪ್ಪಣೆ ಕೇಳಿದವಳಿಗೆ, ಅವಳಿಗೆ ಅರ್ಧವೂ ತಿಳಿಯದ ಭಾಷೆಯಲ್ಲಿ, ಬಾಯಿ ಮುಚ್ಚು ಎಂದಿದ್ದ. ದನಿಯ ಅರ್ಥ ಮಾತ್ರ ಅವಳಿಗೆ ತಿಳಿದಿರಬೇಕು. ಮರುದಿನ 'ಏನಿಲ್ಲ' ಎಂದದ್ದು ಸಿಟ್ಟಿನಿಂದಲೂ ಅಲ್ಲದಿರಬಹುದು. ಹೇಳಬೇಕೆನಿಸಿದ್ದು ಆ ಹೊತ್ತಿಗೆ ಮುಗಿದುಹೋಗಿರಬಹುದು.

"ಟೋನ್ ಯಾವುದು ಕಳಿಸ್ಲಿ?" ಎಂದಳು ಜೂನ್, ಸ್ವಲ್ಪ ಹೊತ್ತಿನ ಮೇಲೆ. ಕೆಲಸದ ದನಿಯಲ್ಲಿ ಕೇಳಿದ್ದು ಉಪಕಾರವೇ ಆಯಿತು. "ಚಿತ್ರದಲ್ಲಿ ಇದ್ದಿದ್ದು ಎರಡನೇದು."

"ಎರಡನೇದ್ರಲ್ಲಿ ಅಮ್ಮ ಇಲ್ಲ."

"ಇರಬಾರದು ಅಂತಾನೇ ತಾನೇ ಅದು ಚೆನ್ನಾಗಿ ಬಂದಿದ್ದು?"

"ಅಲ್ಲ. ಕೋಣೆಯಲ್ಲೇ ಇಲ್ಲ. ಹೊರಗೆ ಹೋಗಿಬಿಟ್ಟಿದ್ಲು. ನಾಲ್ಕೇ ಜನ." ಅವನು ಎದ್ದು ನಿಂತ. "ತೆರೆ ಮೇಲೆ ಅವಳು ಮೇಜಿನ ಹತ್ರ ಕೂತಿದಾಳೆ. ಕೇಳಿಸ್ತಿರೋದು ಅವಳಿಲ್ಲದ ಮನೆ. ಆ ಜಾಗದಲ್ಲಿ ಏನೋ ಸರಿ ಇಲ್ಲ ಅಂತ ನಂಗೆ ಪ್ರತಿ ಸಲ ಅನ್ನಿಸ್ತಿತ್ತು. ಗಾಳಿ ತಣ್ಣಗಾದ ಹಾಗೆ. ಜನ ಅದನ್ನೇ ಹೊಗಳಿದ್ರು."

ಜೂನ್ ಹುಬ್ಬು ಗಂಟಿಕ್ಕಿ, ಎರಡನ್ನೂ ಒಂದರ ಬೆನ್ನಿಗೆ ಒಂದು ಹಾಕಿ ಕೇಳಿದಳು. "ಹೌದು ಕಣೋ," ಎಂದಳು ಕೊನೆಗೆ. "ಮೊದಲನೇದು ಮೆತ್ತಗಿದೆ. ಆದ್ರೆ ಇರೋದು ಹದಿಮೂರು ಸೆಕೆಂಡು. ನಿಂಗೆ ಬೇಕಿರೋದು ಮೂವತ್ತನಾಲ್ಕು. ಅದನ್ನೇ ಸುತ್ತಿಸಿದ್ರೆ ಕಿವಿ ಹಿಡಿದುಬಿಡತ್ತೆ."

"ಹಿಂದು ಮುಂದು?"

"ಆಹಾ. ಮರೆತಿಲ್ಲ ನೀನು." ಹದಿಮೂರು ಸೆಕೆಂಡು ನೇರ, ಹದಿಮೂರು ಹಿಮ್ಮುಖ, ಮತ್ತೆ ಎಂಟು ನೇರ. ಮಾತನ್ನು ಹಿಮ್ಮುಖ ಓಡಿಸಿದರೆ ದೆವ್ವದ ಭಾಷೆಯಾಗುತ್ತದೆ. ಮೌನಕ್ಕೆ ಹಿಂದು ಮುಂದಿಲ್ಲ. ಒಲೆ ಚಟಪಟ ಎನ್ನುವ ಎರಡು ಜಾಗವನ್ನು ಮಾತ್ರ ಜೂನ್ ಕೈಯಾರೆ ಸರಿಪಡಿಸಿದಳು. ಒಂದು ಗಂಟೆಯ ಕೆಲಸ. ಅವನು ಪಕ್ಕದಲ್ಲಿ ಕೂತು ಅವಳ ಬೆರಳನ್ನು ನೋಡಿದ. ಈ ಬೆರಳುಗಳು ಕೆಲಸ ಮಾಡುವುದನ್ನು ನೋಡದೆ ಮೂವತ್ತು ವರ್ಷವಾಗುತ್ತ ಬಂದಿತ್ತು.

"ಮಾತು?" ಎಂದಳು. "ಅಮ್ಮನ ಮಾತು ಇಡಬಹುದು ಬೇಕಾದ್ರೆ. ನಿನ್ನ ಕಿರುಚಾಟ ಕತ್ತರಿಸಿ, ಅದೊಂದೇ. ಚಿತ್ರದ ತೂಕನೇ ಬದಲಾಗಿಬಿಡತ್ತೆ, ಆರ್ವಿ. ಎಲ್ರೂ ಬರೀತಾರೆ."

ಬರೆಯುತ್ತಾರೆ, ಅದು ಅವನಿಗೂ ಗೊತ್ತಿತ್ತು. ಮೇ ತಿಂಗಳ ಪ್ರದರ್ಶನ, ತುಂಬಿದ ಸಭೆ, ನಲವತ್ತು ವರ್ಷದ ಮೇಲೆ ಬಾಯಿ ತೆರೆಯುವ ತಾಯಿ. ಒಂದು ಕ್ಷಣ ಅವನಿಗೆ ಆ ಸಭೆಯ ಸದ್ದು ಕೇಳಿಸಿತು ಕೂಡ. ಆಸೆಯ ಸದ್ದಿಗೆ ಕಿವಿ ಬೇಕಿಲ್ಲ.

"ಬೇಡ," ಎಂದ. "ಅವಳ ಮೌನ ಕೇಳದೇ ತಗೊಂಡೆ. ಮಾತನ್ನೂ ಕೇಳದೇ ತಗೊಳ್ಳೋದು ಬೇಡ."

ಜೂನ್ ಬೆಕ್ಕನ್ನು ಎತ್ತಿ ಕೆಳಗಿಟ್ಟು, ಹಳದಿ ಹಾಳೆಯನ್ನು ಬಿಡಿಸಿ, ಪೆನ್ಸಿಲ್ ಹುಡುಕಿ, ಪುಟದ ತಳದಲ್ಲಿ 'ಒಂದು' ಎಂದಿದ್ದರ ಸುತ್ತ ವೃತ್ತ ಹಾಕಿದಳು. ವೃತ್ತ ಪೂರ್ತಿ ಕೂಡಿಕೊಳ್ಳಲಿಲ್ಲ.

ಬಾಗಿಲಲ್ಲಿ ಅವನು ಬೂಟು ಹಾಕಿಕೊಳ್ಳುವಾಗ ಅವಳು ಕೋಲೂರಿ ನಿಂತಿದ್ದಳು. ಮೂರು ಪ್ಯಾಸ್ಟಿ ಬಿಸಿಮಾಡಿ, ಕಾಗದದಲ್ಲಿ ಸುತ್ತಿ ಅವನ ಕೋಟಿನ ಜೇಬಿಗೆ ತುರುಕಿದಳು. ಅವನು ಏನೋ ಹೇಳಲು ಹೊರಟ. ಅವಳು ಕಾದಳು, ಮುಖವನ್ನು ಬೆಳಕಿಗೆ ತಿರುಗಿಸಿಕೊಂಡೇ ಕಾದಳು, ತನ್ನ ತುಟಿ ಅವನಿಗೆ ಕಾಣಲಿ ಎಂಬಂತೆ.

"ರಸ್ತೆ ಮುಚ್ಚೋದ್ರೊಳಗೆ ಹೊರಡ್ತೀನಿ," ಎಂದ ಆರ್ವಿ.

"ಹೊರಡು. ಕಿವಿಗೊಂದು ಯಂತ್ರ ಹಾಕಿಸ್ಕೋ, ಪೆದ್ದ."

ದಾರಿಯ ನಡುವಿನ ಬರಾಗಾ ಊರು ದಾಟುವಷ್ಟರಲ್ಲಿ ಗಾಳಿ ಎದ್ದು ದಾರಿ ಬೆಳ್ಳಗಾಯಿತು. ಸಂಜೆ ನಾಲ್ಕೂವರೆಯೂ ಆಗಿರಲಿಲ್ಲ. ಮುಂದಿನದು ಕಾಣದೆ, ಕೊಲ್ಲಿಯ ಪಕ್ಕದಲ್ಲಿ ಗಾಡಿಗಳು ನಿಲ್ಲುವ ಜಾಗಕ್ಕೆ ತಿರುಗಿಸಿ ಕಾದ. ಇಂಜಿನ್ ಆರಿಸಿದ. ಗಾಜಿನ ಮೇಲೆ ಹಿಮ ಕೂರುತ್ತ ಹೋಗಿ ಕಾರಿನ ಒಳಭಾಗ ಒಂದು ಬಿಳಿ ಕೋಣೆಯಾಯಿತು. ಇದಕ್ಕೂ ಒಂದು ಟೋನ್ ಇರುತ್ತದೆ, ಎಂದುಕೊಂಡ: ತಣಿಯುವ ಲೋಹದ ಟಿಕ್ ಟಿಕ್, ಒಂದು ಉಣ್ಣೆಯ ಕೋಟು, ಒಂದು ಮೈ.

ಅಮ್ಮನ ಭಾಷೆಯಲ್ಲಿ 'ಹೌದು' ಎಂದು ಹೇಳುವುದು ಕಡಿಮೆ. ಕೇಳಿದ ಮಾತನ್ನೇ ತಿರುಗಿಸಿ ಕೊಡುತ್ತಾರೆ. ಬರುತ್ತೀಯಾ ಎಂದರೆ ಬರುತ್ತೇನೆ. ತಿಂದೆಯಾ ಎಂದರೆ ತಿಂದೆ. 'ಸಾಕೋ', ಆಗಬಹುದಾ ಎಂದರೆ, 'ಸಾ'. ಒಂದೇ ಅಕ್ಷರ. ಆವತ್ತು ಅದನ್ನು ಹೇಳಲು ಅರ್ಧ ಸೆಕೆಂಡೂ ಬೇಕಿರಲಿಲ್ಲ. ಟೋನ್ ಹೇಗೂ ಕೆಟ್ಟಾಗಿತ್ತು.

ಜೇಬಿನಲ್ಲಿ ಪ್ಯಾಸ್ಟಿ ಇನ್ನೂ ಬೆಚ್ಚಗಿತ್ತು. ಅವನು ಅದರ ಮೇಲೆ ಕೈಯಿಟ್ಟುಕೊಂಡು, ಬಿಳಿಯಾದ ಗಾಜಿನ ಕಡೆ ತಿರುಗಿ, ಆ ಅಕ್ಷರವನ್ನು ಗಟ್ಟಿಯಾಗಿ ಹೇಳಿದ. 'ಸ'ಕಾರ ಎಲ್ಲ ವ್ಯಂಜನಗಳಿಗಿಂತ ಮೇಲಿನ ಶ್ರುತಿಯದು. ಅವನಿಗೆ ಕೇಳಿಸಿದ್ದು 'ಆ' ಮಾತ್ರ.